ಹಂಡೆ ಒಲ್ಲೆ ಅಂದ ಅಕ್ಕೋರು

ಮಕ್ಕಳು ಆಡುವಾಗ ಶಾಲೆಯ ಅಕ್ಕೋರು ಮಕ್ಕಳಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಆ ಶಾಲೆಗೆ ವರ್ಗವಾಗಿ ಹೋದ ದಿನ ನಾನು ಮೊದಲು ಕಂಡದ್ದೇ ಆ ಬೆನ್ನನ್ನು. ಅಗಲವಾದ ಬೆನ್ನು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಹಿಂದಕ್ಕೆ ಕಟ್ಟಿಕೊಂಡ ಕೈಯಲ್ಲಿ ಹುರಿದ ಶೇಂಗಾದ ಪೊಟ್ಟಣ. ಆ ಬೆನ್ನಿನಾಚೆ, ಬೇವಿನ ಗಿಡದ ಕೆಳಗೆ, ಒಬ್ಬ ಹುಡುಗ ಎರಡೂ ತೋಳಿಗೆ ಹಳೆಯ ಮೊರ ಕಟ್ಟಿಕೊಂಡು ಟಾಯರುಗಳ ಗುಡ್ಡೆಯ ಮೇಲಿಂದ ಹಾರುವ ತಯಾರಿಯಲ್ಲಿದ್ದ.

"ಅಕ್ಕೋರ, ಹಿಂದ ನೋಡ್ರಿ, ಬೀಳ್ತಾನ!" ಎಂದು ಗೇಟಿನಿಂದಲೇ ಚೀರಿದೆ.

ಅವರು ತಿರುಗಲಿಲ್ಲ. "ಬೀಳಲಿ ಬಿಡ್ರಿ. ನೆಲ ಅಲ್ಲೇ ಐತಿ, ಎಲ್ಲೂ ಓಡಿ ಹೋಗಂಗಿಲ್ಲ" ಎಂದರು. ನನ್ನ ಅಂಗೈಗೆ ಒಂದಿಷ್ಟು ಶೇಂಗಾ ಸುರಿದು, "ಹೊಸಾ ಸರ ನೀವೇನು?" ಎಂದು ಕೇಳಿದರು. ಹಿಂದೆ ದೊಪ್ಪನೆ ಸದ್ದಾಯಿತು. ಆಮೇಲೆ ನಗು ಕೇಳಿಸಿತು.

ನಾನು ಮನೆಗೆ ಬೀಗ ಹಾಕಿ ಬಸ್ ಸ್ಟ್ಯಾಂಡಿನ ತನಕ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುವ ಪೈಕಿ. ತಿರುಗಿ ಬಂದು ಜಗ್ಗಿ ನೋಡಿ, ಜಗ್ಗಿದ್ದರಿಂದಲೇ ಬೀಗ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಬರುವ ಪೈಕಿ. ಇಂಥವನಿಗೆ ಸರಕಾರ ಎಲ್ಲ ಬಿಟ್ಟು ಆ ಶಾಲೆಯನ್ನೇ ಕೊಡಬೇಕೆ? ಅಂಗಳದ ತುಂಬ ತುಕ್ಕು ಹಿಡಿದ ಡಬ್ಬಿ, ಮುರಿದ ಕೊಡೆಯ ಕಡ್ಡಿ, ಹಾವಿಗೆ ಹೇಳಿ ಮಾಡಿಸಿದಂಥ ಟಾಯರಿನ ತೂತು. ಮೊದಲ ವಾರದಲ್ಲೇ ನಾನು ಗಜೇಂದ್ರಗಡದಿಂದ ಹತ್ತಿ, ಪಟ್ಟಿ, ಟಿಂಚರು ತಂದು ಒಂದು ಡಬ್ಬಿಯಲ್ಲಿ ಜೋಡಿಸಿಟ್ಟುಕೊಂಡೆ. ಅದನ್ನು ನೋಡಿ ಅವರು ನಗಲಿಲ್ಲ. "ಚಲೋ ಆತು. ಅಂಜೂ ಕೆಲಸ ನೀವ ಮಾಡ್ರಿ ಸರ. ನನಗ ಬ್ಯಾರೆ ಕೆಲಸ ಭಾಳ ಅದಾವು" ಎಂದರು.

ಅವರು ಕಳೆದ ಬೇಸಿಗೆಯಲ್ಲಿ ನಿವೃತ್ತರಾದರು. ಸಮಾರಂಭದಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದವು. ಎದ್ದು ನಿಂತವರೆಲ್ಲ ಅವರ ಆಟದ ಅಂಗಳವನ್ನು ಹೊಗಳಿದರು. ಊರವರು ಕೊಟ್ಟ ಮನೆಸಾಮಾನಿನಿಂದ ಮಕ್ಕಳು ಎಷ್ಟೆಲ್ಲ ಕಟ್ಟಿ ಆಡಿದರು ಎಂದು ವರ್ಣಿಸಿದರು. ನಾನೂ ವಾರವಿಡೀ ಹೆದರಿ, ಚೀಟಿಯಲ್ಲಿ ಬರೆದುಕೊಂಡು ಹೋದದ್ದನ್ನೇ ಓದಿ ಕುಳಿತೆ. ಆ ಅಂಗಳ ಏತಕ್ಕೆ ಹುಟ್ಟಿತು, ಅದರ ಸಲುವಾಗಿ ಯಾರನ್ನು ಕಳೆದುಕೊಂಡೆವು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಹಾರ ಹಾಕುವ ದಿನ ಹೇಳುವ ಮಾತಲ್ಲ ಅದು.

ಗಜೇಂದ್ರಗಡದಿಂದ ಪುರ್ತಗೇರಿ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು ಅದು. ಶಾಲೆಗೆ ಎರಡು ಕೋಣೆ, ಇಬ್ಬರು ಶಿಕ್ಷಕರು, ಕೋಣೆಗಳಿಗೆ ಹೊಂದದಷ್ಟು ದೊಡ್ಡ ಅಂಗಳ. ಹೊಲವಿದ್ದವರ ಮಕ್ಕಳು ಬೆಳಿಗ್ಗೆ ಹಳದಿ ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗುತ್ತಿದ್ದರು. ನಮ್ಮಲ್ಲಿಗೆ ಬರುತ್ತಿದ್ದವರು ಕೂಲಿಯವರ ಮಕ್ಕಳು. ದೀಪಾವಳಿ ಮುಗಿದು ಸುಗ್ಗಿಯ ಕೆಲಸ ತೀರುತ್ತಿದ್ದಂತೆ ಕ್ರೂಸರ್ ಗಾಡಿಗಳು ಬಂದು ಓಣಿಯ ಬಾಯಿಗೆ ನಿಲ್ಲುತ್ತಿದ್ದವು. ಗೋವಾಕ್ಕೆ, ಮಂಗಳೂರಿಗೆ, ಎಲ್ಲಿ ಕಟ್ಟಡ ಏಳುತ್ತಿದೆಯೋ ಅಲ್ಲಿಗೆ. ಗಂಡ, ಹೆಂಡತಿ, ಗಂಟುಗಳು, ಅವುಗಳ ನಡುವೆ ನಮ್ಮ ವಿದ್ಯಾರ್ಥಿಗಳು. ಯುಗಾದಿಗೆ ಮರಳಿ ಬಂದಾಗ ಅವರಿಗೆ ಮಗ್ಗಿ ಮರೆತಿರುತ್ತಿತ್ತು. ನಾಲ್ಕಾರು ವರ್ಷ ಹಾಗೆ ಹೋಗಿ ಬಂದವರಿಗೆ ಶಾಲೆಯೇ ಮರೆತಿರುತ್ತಿತ್ತು.

"ಅಜ್ಜಿ ಇದ್ದ ಮನ್ಯಾಗ ಹುಡುಗೂರ್ನ ಬಿಟ್ಟು ಹೋಗಾಕ ಬರ್ತೈತ್ರಿ ಸರ" ಎಂದು ಒಂದು ದಿನ ಅವರು ನನಗೆ ತಮ್ಮ ಉಪಾಯ ಹೇಳಿದರು. "ಆದ್ರ ಹುಡುಗೂರ ಸುಮ್ನ ಗಾಡಿ ಹತ್ತತಾವು. ಹಂಗ ಹತ್ತಬಾರದು. 'ನಾ ಒಲ್ಲೆ, ಸಾಲ್ಯಾಗ ಇರ್ತೀನಿ' ಅಂತ ನೆಲಕ್ಕ ಬಿದ್ದು ಹೊರಳಾಡಿ ಅಳಬೇಕು. ಹಂಗ ಅಳೂವಂಥಾದ್ದು ಏನರ ಒಂದು ಇಲ್ಲಿ ಇರಬೇಕು."

"ಲೆಕ್ಕ ಐತಲ್ರಿ ಅಕ್ಕೋರ" ಎಂದೆ.

"ಲೆಕ್ಕಕ್ಕೂ ಅಳ್ತಾವು. ಲಗೂ ಗಾಡಿ ಬರ್ಲಿ ಅಂತ ಅಳ್ತಾವು."

ಹೀಗೆ, ಅಂಗಳದಲ್ಲಿ ಆಗಲೇ ಇದ್ದ ಟಾಯರು, ಡಬ್ಬಿ ಸಾಲವೆಂದು, ಅವರು ಸಂಜೆಯ ಹೊತ್ತು ಮನೆ ಮನೆಗೆ ಬೇಡಲು ಹೊರಟರು. "ಒಡಕು, ಹರಕು, ತೂತು ಬಿದ್ದದ್ದು ಏನಿದ್ರೂ ಕೊಡ್ರೆವ್ವಾ, ಹುಡುಗೂರು ಆಡ್ತಾವು." ಹಿಂದೆ ನಾನು, ಚೀಲ ಹಿಡಿದು, ನಾಯಿಗಳ ಕಡೆ ಕಣ್ಣಿಟ್ಟುಕೊಂಡು. ಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ಮುದುಕಿ, "ನನ್ನ ಗಂಡನ್ನ ಒಯ್ರಿ ಅಕ್ಕೋರ. ಅಂವನೂ ಕೆಟ್ಟು ಮೂಲ್ಯಾಗ ಬಿದ್ದಾನ" ಎಂದಳು.

"ಆಡಾಕ ಬರ್ತೈತೇನು ಅಂವಗ?"

"ಇಸ್ಪೀಟ ಬರ್ತೈತಿ."

"ಹಂಗಂದ್ರ ನಮ್ಮ ಸರ್ ಜೋಡಿ ಕುಂದರ್ಸ್ತೀನಿ, ಕಳಸು" ಎಂದು ಅವರು ನನ್ನ ಕಡೆ ಕೈ ತೋರಿಸಿದರು. ಓಣಿಯೆಲ್ಲ ನಕ್ಕಿತು. ಮುದುಕಿ ಒಳಗೆ ಹೋಗಿ ಒಂದು ತಳವಿಲ್ಲದ ಕೊಡ ತಂದುಕೊಟ್ಟಳು. ಇಸ್ಪೀಟು ಆಡುವವನೆಂದು ಊರಲ್ಲಿ ಹೆಸರಾಯಿತಲ್ಲ ಎಂದು ನಾನು ಎಷ್ಟೋ ದಿನ ಚಿಂತೆ ಮಾಡಿದೆ.

ಗಜೇಂದ್ರಗಡದ ನೇಕಾರರ ಮನೆಗಳಿಂದ ಸವೆದ ಲಾಳಿ, ನೂಲು ಸುತ್ತುವ ಕಂಡಿಕೆ ಬಂದವು. ಹರಿದ ಸೀರೆ, ಕುಕ್ಕರಿನ ಮುಚ್ಚಳ, ಜರಡಿ, ಮೂರು ಕಾಲಿನ ಸ್ಟೂಲು, ಒಂದು ಮರದ ತೊಟ್ಟಿಲು. ಮಕ್ಕಳಿಗೆ ಯಾರೂ ಏನೂ ಹೇಳಿಕೊಡಲಿಲ್ಲ. ಈ ಹೊಸ ಸಾಮಾನಿನಿಂದ ಅವರು ಮೊದಲು ಕಟ್ಟಿದ್ದು ಗಜೇಂದ್ರಗಡದ ಬಸ್ ಸ್ಟ್ಯಾಂಡು. ಸೀರೆಯನ್ನು ಸುತ್ತ ಹಿಡಿದು ಸಾಲಾಗಿ ಓಡಿದರೆ ಬಸ್ಸು, ಮುಂದಿನವನ ಕೈಯಲ್ಲಿ ಕುಕ್ಕರಿನ ಮುಚ್ಚಳ. "ರೋಣ, ರೋಣ, ರೋಣ!" ಎಂದು ಕಂಡಕ್ಟರು ಒದರುತ್ತಿದ್ದ. ಅದರ ಕಂಟ್ರೋಲರು ಮೂರನೆಯ ತರಗತಿಯ ರೇಣುಕಾ. ಕಡ್ಡಿಯಂಥ ಹುಡುಗಿ, ನಗಾರಿಯಂಥ ದನಿ. ಬೋರಲು ಹಾಕಿದ ಬಕೀಟಿನ ಮೇಲೆ ಕುಳಿತು, ಆ ತಳವಿಲ್ಲದ ಕೊಡವನ್ನು ಬಾಯಿಗಿಟ್ಟುಕೊಂಡು ಸಾರುತ್ತಿದ್ದಳು: "ಪ್ರಯಾಣಿಕರ ಗಮನಕ್ಕೆ. ನರಗುಂದಕ್ಕ ಹೋಗೂ ಬಸ್ಸು ಕೆಟ್ಟೈತಿ. ಎಲ್ಲಾರೂ ನಡಕೊಂತ ಹೋಗಬೇಕಾಗಿ ವಿನಂತಿ."

ಅಕ್ಕೋರು ಬೆನ್ನು ಮಾಡಿ ನಿಂತಿದ್ದರು. ಬೆನ್ನು ಮಾತ್ರ ನಗುವಿಗೆ ಗದಗದ ಅಲುಗಾಡುತ್ತಿತ್ತು. "ತಿರುಗಿ ನೋಡ್ರಿ, ಚಲೋ ಐತಿ" ಎಂದೆ.

"ಬ್ಯಾಡ್ರಿ. ನಾವು ನೋಡಾಕತ್ತೀವಿ ಅಂತ ಗೊತ್ತಾದ್ರ ಅವು ನಮಗೋಸ್ಕರ ಆಡ್ತಾವು" ಎಂದರು.

ತೊಟ್ಟಿಲಿನದು ಬೇರೆಯೇ ಕತೆ. ಖಾಲಿ ತೊಟ್ಟಿಲು ತೂಗುವುದು ನಮ್ಮ ಕಡೆ ಅಪಶಕುನ. ಹುಡುಗಿಯರು ತೂಗುವುದನ್ನು ಕಂಡ ಅಜ್ಜಿಯರು ಗೇಟಿನ ಹತ್ತಿರ ಗುಂಪಾಗಿ ಜಗಳಕ್ಕೆ ನಿಂತರು. ಅಕ್ಕೋರು ಒಳಗೆ ಮುಖ ಮಾಡದೆಯೇ, "ಏ ರೇಣುಕಾ, ಖಾಲಿ ತೂಗಬ್ಯಾಡ್ರೆ" ಎಂದರು, ಅಷ್ಟೆ. ಸ್ವಲ್ಪ ಹೊತ್ತಿನಲ್ಲಿ ಬಿಸಿಯೂಟದ ಅಡುಗೆಯಾಕೆ ಕುಂಬಳಕಾಯಿ ಹುಡುಕುತ್ತ ಅಂಗಳಕ್ಕೆ ಬಂದಳು. ಕುಂಬಳಕಾಯಿ ತೊಟ್ಟಿಲಲ್ಲಿ ಮಲಗಿತ್ತು. ಹಣೆಗೆ ಕುಂಕುಮ, ಮೈತುಂಬ ಹರಕು ಸೀರೆ, ಹೆಸರು ಶ್ವೇತಾ. ಅಡುಗೆಯಾಕೆ ಎತ್ತಿಕೊಳ್ಳಲು ಬಗ್ಗಿದಳೋ ಇಲ್ಲವೋ, ಹುಡುಗಿಯರೆಲ್ಲ ಕೂಸನ್ನು ಹೆಚ್ಚಲು ಒಯ್ಯುತ್ತಾಳೆಂದು ಹೋ ಎಂದು ಅಳತೊಡಗಿದರು. ಜಗಳಕ್ಕೆ ಬಂದಿದ್ದ ಅಜ್ಜಿಯರೇ ನಡುವೆ ಹೋಗಿ, "ಇರ್ಲಿ ಬಿಡವಾ, ನಿನ್ನ ಕಾಲ ಬೀಳ್ತೀವಿ" ಎಂದರು. ಆ ದಿನ ನಾವು ಬರೀ ಬೇಳೆ ಸಾರು ಉಂಡೆವು.

ದೀಪಾವಳಿ ಬಂತು. ಉಪಾಯ ಫಲಿಸುತ್ತದೆ ಎಂದು ನನಗೂ ಅನ್ನಿಸತೊಡಗಿತ್ತು, ಏಕೆಂದರೆ ಹಬ್ಬದ ಮರುದಿನದಿಂದ ಸಾಮಾನು ತಾನಾಗಿ ಬರತೊಡಗಿತು. ಅದೂ ಒಡಕು ಹರಕಲ್ಲ. ಫಳಫಳ ಹೊಳೆಯುವ ಸ್ಟೀಲಿನ ಕೊಡ, ಬಿಗಿಯಾಗಿ ಹೆಣೆದ ಹೊರಸು, ಬೀಗವಿದ್ದ ಟ್ರಂಕು. ನನಗೆ ಖುಷಿಯೋ ಖುಷಿ: ತುಕ್ಕಿಲ್ಲ, ಚೂಪಿಲ್ಲ, ಧನುರ್ವಾಯುವಿನ ಭಯವಿಲ್ಲ. "ಊರಿಗೆ ಬುದ್ಧಿ ಬಂತು ನೋಡ್ರಿ ಅಕ್ಕೋರ" ಎಂದೆ. ಅವರು ಸ್ಟೀಲಿನ ಕೊಡವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದಕ್ಕ ತೂತಿಲ್ಲಲ್ರಿ ಸರ. ಯಾಕ ಕೊಟ್ರು?" ಎಂದರು.

ಮರುದಿನ ಗೊತ್ತಾಯಿತು. ಕೊಡ ತಂದ ಹುಡುಗ ಬರಲಿಲ್ಲ. ಹೊರಸು ತಂದವನೂ ಬರಲಿಲ್ಲ. ಟ್ರಂಕು ಹೊತ್ತು ತಂದಿದ್ದ ಹೆಂಗಸನ್ನು ಅಕ್ಕೋರು ಓಣಿಯಲ್ಲಿ ತಡೆದು ಕೇಳಿದರು. ಆಕೆ ಬಹಳ ಪ್ರೀತಿಯಿಂದ ವಿವರಿಸಿದಳು: "ಬಾಜೂ ಮನ್ಯಾಗ ಇಟ್ಟು ಹೋದ್ರ ಬಳಸಿ ಸವಸತಾರ್ರಿ, ಬಂದ ಮ್ಯಾಲ ಜಗಳ. ಸಾಲ್ಯಾಗ ಇದ್ರ ಯಾರ ಮುಟ್ತಾರು? ಹುಡುಗೂರು ಆಡ್ಲಿ ಬಿಡ್ರಿ, ಅವೂ ನಮ್ಮುವ. ಯುಗಾದಿಗೆ ಬಂದು ಒಯ್ತೀವಿ."

ಮಕ್ಕಳನ್ನು ಹಿಡಿದಿಡಲು ಹಾಕಿದ ಬಲೆಗೆ ಕೊಡ, ಬಕೀಟು ಬಂದು ಬಿದ್ದಿದ್ದವು. ಮೊದಲಾದರೆ ಮನೆಸಾಮಾನಿನ ಚಿಂತೆಗೆ ಒಬ್ಬರಾದರೂ ಹಿಂದೆ ಉಳಿಯುತ್ತಿದ್ದರು. ಈಗ ನಾವು ಆ ಚಿಂತೆಯನ್ನೂ ತೀರಿಸಿಬಿಟ್ಟಿದ್ದೆವು. ಅಂಗಳ ತುಂಬುತ್ತ ಹೋಯಿತು, ಕೋಣೆ ಖಾಲಿಯಾಗುತ್ತ ಹೋಯಿತು. ಅದೇ ದಿನಗಳಲ್ಲಿ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ಹೊರಸಿನ ಮೇಲೆ ಕುಳಿತು ಫೋಟೋ ತೆಗೆಸಿಕೊಂಡು, "ಸಮುದಾಯದ ಸಹಭಾಗಿತ್ವ ಅಂದ್ರೆ ಇದು ನೋಡಿ. ಎಂಥ ಒಳ್ಳೊಳ್ಳೆ ಸಾಮಾನು ಕೊಟ್ಟಿದ್ದಾರೆ!" ಎಂದರು.

"ಕೊಟ್ಟಾರ್ರಿ ಸಾಹೇಬ್ರ. ಹುಡುಗೂರ್ನಷ್ಟ ಒಯ್ದಾರ" ಎಂದರು ಅಕ್ಕೋರು.

ಅಧಿಕಾರಿ ಅದನ್ನು ಚೇಷ್ಟೆಯೆಂದುಕೊಂಡು ಜೋರಾಗಿ ನಕ್ಕರು. ನಾನೂ ನಕ್ಕೆ. ಅಧಿಕಾರಿಗಳು ನಕ್ಕಾಗ ನಗದಿದ್ದರೆ ಏನಾದೀತೋ ಎಂಬ ಭಯ ನನಗೆ ಹುಟ್ಟಿನಿಂದ ಇದೆ.

ಆ ವರ್ಷ ಹಟ ಹಿಡಿದು ಉಳಿದವಳು ರೇಣುಕಾ ಒಬ್ಬಳೇ. ಅವಳ ಅಪ್ಪ ಅವ್ವ ಹೋಗಿದ್ದರು, ಅಜ್ಜಿಯ ಹತ್ತಿರ ಇವಳು ನಿಂತಳು. ಗಾಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳಂತೆ, ಅಕ್ಕೋರು ಬಯಸಿದಂತೆಯೇ. "ಒಂದರ ಉಳೀತಲ್ರಿ" ಎಂದು ಅವರು ಆ ದಿನವೆಲ್ಲ ಶೇಂಗಾ ಹಂಚಿದರು.

ಯುಗಾದಿಗೆ ಹೋದವರು ಬಂದು ತಮ್ಮ ಸಾಮಾನು ಒಯ್ದರು, ಮಕ್ಕಳು ಮತ್ತೆ ಅಂಗಳಕ್ಕೆ ಬಂದರು. ಆಟ ಮಾತ್ರ ಬೇರೆಯಾಗಿತ್ತು. ಬಸ್ಸನ್ನು ಯಾರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಅಕ್ಕೋರು ಎಂದಿನಂತೆ ಬೆನ್ನು ಮಾಡಿ ನಿಂತಿದ್ದಾಗ ಹಿಂದಿನಿಂದ ಒಬ್ಬ ಹುಡುಗನ ಗಡಸು ದನಿ ಬಂತು: "ಏ, ಲಗೂ ಲಗೂ! ಸ್ಲ್ಯಾಬ್ ಐತಿ ಇವತ್ತ. ಕುಂತ್ರ ಪಗಾರ ಕಟ್!" ಆಮೇಲೆ ರೇಣುಕಾಳ ದನಿ: "ಕೂಸು ಅಳಾಕತ್ತೈತ್ರಿ, ಒಂಚೂರು ಹಾಲ ಕುಡಿಸಿ ಬರ್ತೀನ್ರಿ."

"ಹಾಲ ಆಮ್ಯಾಲ. ಮೊದಲ ಬುಟ್ಟಿ ಎತ್ತು."

ಅಕ್ಕೋರು ತಿರುಗಿದರು. ಅವರು ಆಟದ ಕಡೆ ತಿರುಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮಕ್ಕಳು ಸಾಲಾಗಿ ನಿಂತು ಮಣ್ಣು ತುಂಬಿದ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಎರಡು ಕೋಲಿನ ನಡುವೆ ಸೀರೆ ಕಟ್ಟಿ ಜೋಲಿ ಮಾಡಿದ್ದರು. ಮೇಸ್ತ್ರಿಯಾದ ಹುಡುಗನ ಕೈಯಲ್ಲಿ ಲಾಳಿ, ಅದು ಅವನ ಮೊಬೈಲು. ಅಕ್ಕೋರು ನೋಡಿದ್ದೇ ತಡ, ಎಲ್ಲರೂ ಇದ್ದಲ್ಲಿಯೇ ನಿಂತರು. "ಆಡ್ರೆಪಾ, ಆಡ್ರಿ" ಎಂದು ಎರಡು ಸಲ ಅಂದರು. ಯಾರೂ ಆಡಲಿಲ್ಲ. ಅವರು ಮತ್ತೆ ಬೆನ್ನು ಮಾಡಿದರು. ಆ ಬೆನ್ನು ಎಷ್ಟು ಹೊತ್ತಾದರೂ ನೆಟ್ಟಗಾಗಲಿಲ್ಲ.

ಮಳೆಗಾಲದಲ್ಲಿ ರೇಣುಕಾಳ ಅಜ್ಜಿ ತೀರಿಕೊಂಡಳು. ಅಷ್ಟರಲ್ಲಿ ಮನೆಗೊಂದು ಕೂಸು ಬಂದಿತ್ತು. ಮುಂದಿನ ದೀಪಾವಳಿಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಅಕ್ಕೋರು ಅದನ್ನು ಒಪ್ಪಲು ತಯಾರಿರಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ದಿನಾ ಆ ಮನೆಯ ಪಡಸಾಲೆಯಲ್ಲಿ ಹೋಗಿ ಕೂರುತ್ತಿದ್ದರು. ಪಕ್ಕದಲ್ಲಿ ನಾನು, ಬಸ್ಸು ತಪ್ಪುತ್ತದೆಂದು ಬಾಗಿಲ ಕಡೆ ನೋಡುತ್ತ.

"ನಿಮ್ಮ ಮಾತು ಖರೇ ಐತ್ರಿ ಅಕ್ಕೋರ" ಎನ್ನುತ್ತಿದ್ದ ರೇಣುಕಾಳ ಅಪ್ಪ. ಸಂಭಾವಿತ ಮನುಷ್ಯ, ಎದುರು ಕೂತು ಮಾತಾಡಿದವನೇ ಅಲ್ಲ, ಯಾವಾಗಲೂ ನಿಂತೇ ಇರುತ್ತಿದ್ದ. "ಆದ್ರ ಕೂಸು ಹಿಡಿಯಾಕ ಒಬ್ರು ಬೇಕಲ್ರಿ. ಇಕಿ ಬುಟ್ಟಿ ಹೊರಬೇಕು, ನಾ ಮಾಲು ಕಲಸಬೇಕು. ಹುಡುಗಿ ಬಂದ್ರ ಕೂಸಿಗಿ ನೆರಳಾಕ್ಕಾಳ."

"ಹುಡುಗೀನ ನನ್ನ ಮನ್ಯಾಗ ಬಿಡ್ರಿ. ಗಜೇಂದ್ರಗಡದಾಗ. ನನ್ನ ಜೋಡಿ ಬರ್ತಾಳ, ನನ್ನ ಜೋಡಿ ಹೊಕ್ಕಾಳ. ನನಗೂ ಮನ್ಯಾಗ ಮಾತಾಡಾಕ ಒಬ್ರಾದ್ರು."

ಮೊಲೆಯುಣಿಸುತ್ತ ಕುಳಿತಿದ್ದ ತಾಯಿ ತಲೆ ಎತ್ತಿದಳು. "ಹುಡುಗೀನ ನೀವು ಇಟ್ಗೋತೀರಿ ಅಕ್ಕೋರ. ಕೂಸಿನ್ನ ಯಾರು ಇಟ್ಗೋತಾರು?"

"ಕೂಸಿನ್ನೂ ಬಿಡ್ರಿ."

"ಹಾಲ ನೀವು ಕುಡಸ್ತೀರೇನ್ರಿ?" ಎಂದು ಆಕೆ ನಕ್ಕಳು. ಚುಚ್ಚಬೇಕೆಂದಲ್ಲ, ನಿಜವಾಗಿಯೂ ನಗು ಬಂದು ನಕ್ಕಳು. ಅಕ್ಕೋರು ನಗಲಿಲ್ಲ. ಗೋಡೆಗೆ ಒರಗಿ ಪಾಠದ ಪುಸ್ತಕ ಹಿಡಿದಿದ್ದ ರೇಣುಕಾ ಒಮ್ಮೆ ಅಕ್ಕೋರನ್ನು, ಒಮ್ಮೆ ಅವ್ವನನ್ನು ನೋಡಿ, ಮತ್ತೆ ಗಟ್ಟಿಯಾಗಿ ಓದತೊಡಗಿದಳು. ಚೆನ್ನಾಗಿ ಓದಿ ತೋರಿಸಿದರೆ ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದಳೇನೋ.

ಹಬ್ಬ ಮುಗಿದ ಒಂದು ಬೆಳಿಗ್ಗೆ ರೇಣುಕಾಳ ಅಪ್ಪ ತಲೆಯ ಮೇಲೆ ತಾಮ್ರದ ಹಂಡೆ ಹೊತ್ತು ಶಾಲೆಯ ಗೇಟಿಗೆ ಬಂದ. ಸ್ನಾನಕ್ಕೆ ನೀ‌ರು ಕಾಯಿಸುವ ದೊಡ್ಡ ಹಂಡೆ, ಹುಣಸೆಹಣ್ಣು ಹಚ್ಚಿ ಬೆಳಗಿ ತಂದಿದ್ದರು. ಪಕ್ಕದಲ್ಲಿ ರೇಣುಕಾ. ಅಕ್ಕೋರು ಹೋಗಿ ಗೇಟಿನ ಒಳಗೆ ಅಡ್ಡ ನಿಂತರು.

"ಒಲ್ಲೆ" ಎಂದರು.

"ಏನ್ರಿ ಅಕ್ಕೋರ?"

"ಹಂಡೆ ಒಲ್ಲೆ. ಒಯ್ರಿ."

"ಎಲ್ಲಾರದೂ ಇಟ್ಗೊಂಡೀರಿ. ನಮ್ದೊಂದು ಭಾರ ಆತೇನ್ರಿ?"

"ಭಾರ ಆತು. ನನ್ನ ಸಾಲಿ ಗೋದಾಮ ಅಲ್ಲ."

ತಲೆಯ ಮೇಲಿನ ಹಂಡೆಯನ್ನು ಇಳಿಸಬೇಕೋ ಬೇಡವೋ ತಿಳಿಯದೆ ಅವನು ಹಾಗೆಯೇ ನಿಂತ. ರೇಣುಕಾ ಗೇಟಿನ ಸರಳುಗಳ ನಡುವೆ ಮುಖ ಇಟ್ಟಳು. "ಇಟ್ಗೋರಿ ಅಕ್ಕೋರ. ಭಾಳ ದೊಡ್ಡದೈತಿ. ಕಣ್ಣಾಮುಚ್ಚಾಲಿ ಆಡೂ ಮುಂದ ಇದರಾಗ ಇಬ್ರು ಕುಂದರಬಹುದು."

"ನೀ ಇರೂದಿದ್ರ ಇಟ್ಗೋತೀನಿ. ಇಲ್ಲಂದ್ರ ಒಲ್ಲೆ."

ಹುಡುಗಿ ಅಪ್ಪನ ಕಡೆ ನೋಡಿದಳು. ಅಪ್ಪ ನೆಲ ನೋಡಿದ. ನಂತರ ಅವನು ಹಂಡೆಯೊಂದಿಗೆ ನಿಧಾನವಾಗಿ ತಿರುಗಿದ. ಅಕ್ಕೋರು ನನ್ನ ಹತ್ತಿರ ಬಂದು, ಏದುಸಿರು ಬಿಡುತ್ತ, "ಹಂಡೆ ಇಡಾಕ ಜಾಗ ಇಲ್ಲಂದ್ರ ಹೆಂಗ ಹೊಕ್ಕಾರ ನೋಡೇ ಬಿಡೂನು ಸರ. ಬಿಟ್ಟು ಹೋಗಾಕ ಮನಸು ಬರಂಗಿಲ್ಲ ಹುಡುಗಿ ಅವ್ವಗ. ತವರಿನ ಹಂಡೆ ಅದು" ಎಂದರು. ಮನೆ ಮನೆಗೆ ಹೋಗಿ ತಳವಿಲ್ಲದ ಕೊಡ ಬೇಡಿದ ಹೆಂಗಸು ಇವರೇನಾ ಎನ್ನಿಸಿತು ನನಗೆ. ಆದರೆ ಉಪಾಯದಲ್ಲಿ ತಪ್ಪು ಕಾಣಲಿಲ್ಲ. ಎಲ್ಲದರಲ್ಲೂ ಅಪಾಯ ಕಾಣುವ ನನಗೆ ಅದೊಂದರಲ್ಲಿ ಏನೂ ಕಾಣಲಿಲ್ಲ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಕ್ರೂಸರ್ ಶಾಲೆಯ ಮುಂದಿನಿಂದಲೇ ಹಾದುಹೋಯಿತು. ಮೇಲೆ, ಗಂಟುಗಳ ನಡುವೆ, ಹಗ್ಗದಿಂದ ಬಿಗಿದ ಹಂಡೆ ಬಿಸಿಲಿಗೆ ಝಗ್ಗೆಂದಿತು. ಕಿಟಕಿಯಲ್ಲಿ ರೇಣುಕಾ ಇದ್ದಳು. ಕೈ ಬೀಸಲಿಲ್ಲ. ಕೈಯಲ್ಲಿ ಕೂಸಿತ್ತು.

ಯುಗಾದಿ ಬಂತು. ಹೋದವರು ಒಬ್ಬೊಬ್ಬರಾಗಿ ಬಂದು ಅಂಗಳದಿಂದ ತಮ್ಮ ತಮ್ಮ ಕೊಡ, ಟ್ರಂಕು, ಹೊರಸು ಎತ್ತಿಕೊಂಡರು, ಮಕ್ಕಳನ್ನು ಇಳಿಸಿ ಹೋದರು. ಅಕ್ಕೋರು ಆ ವಾರವೆಲ್ಲ ರಸ್ತೆಗೆ ಮುಖ ಮಾಡಿ ನಿಂತರು. ರೇಣುಕಾಳ ಮನೆಯವರು ಬರಲಿಲ್ಲ. ಅಪ್ಪನ ಫೋನು ಹತ್ತುತ್ತಿರಲಿಲ್ಲ. ಕೊನೆಗೆ ಅದೇ ಓಣಿಯ ಒಬ್ಬಾಕೆ, ತನ್ನ ಬಕೀಟು ತೊಳೆದುಕೊಳ್ಳುತ್ತ, ಸಹಜವಾಗಿ ಅಂದಳು: "ಅವರ್ಯಾಕ ಬರ್ತಾರ್ರಿ ಅಕ್ಕೋರ? ಇಲ್ಲೇನೈತಿ ಅವರದು? ಅಜ್ಜಿ ಹೋತು, ಮನಿ ಬಾಡಿಗೀದು. ನಾವಾದ್ರ ಈ ಕೊಡಾ ಬಕೀಟಿನ ಆಸೇಕ್ಕರ ಬರ್ತೀವಿ. ಅವರು ಹಂಡೆ ಸೈತ ಒಯ್ದಾರ."

ಅಕ್ಕೋರು ಅಲ್ಲೇ ಒಂದು ಟಾಯರಿನ ಮೇಲೆ ಕುಳಿತರು. ಆಕೆ ಹೋದಳು, ಮಕ್ಕಳು ಸುತ್ತ ಕುಣಿದರು, ಗಂಟೆ ಹೊಡೆಯುವ ಹೊತ್ತಾಯಿತು. ಅವರು ಏಳಲಿಲ್ಲ. "ಸರ, ನಾವು ಸಾಮಾನು ಬಂತಂದ್ರ ಹುಡುಗೂರ ಹೊಂಟಾವು ಅಂತ ತಿಳಕೊಂಡಿದ್ವಿ. ಅದು ಅವರು ಹೊಳ್ಳಿ ಬರ್ತೀವಿ ಅಂತ ಕೊಟ್ಟ ಮಾತು. ನಾ ಒಲ್ಲೆ ಅಂದೆ" ಎಂದರು.

ನಾನು ಏನೇನೋ ಅಂದೆ. ಕೂಸಿಗೆ ಜ್ವರವಿರಬಹುದು, ಕೆಲಸ ಮುಗಿದಿರಲಿಕ್ಕಿಲ್ಲ, ಫೋನು ಕಳೆದಿರಬಹುದು. ಕೆಟ್ಟದ್ದನ್ನು ಊಹಿಸುವುದರಲ್ಲಿ ಅಷ್ಟು ಪಳಗಿದವನಿಗೆ ಒಳ್ಳೆಯದೊಂದನ್ನು ಊಹಿಸಿ ಹೇಳಲು ಬರಲಿಲ್ಲ.

ಬೇಸಿಗೆ ರಜೆಯಲ್ಲಿ ಅವರು ಒಬ್ಬರೇ ಮಂಗಳೂರಿನ ಬಸ್ಸು ಹತ್ತಿದರು. ರೇಣುಕಾಳ ಮನೆಯವರು ಆ ಕಡೆ ಹೋಗಿದ್ದಾರೆ ಎಂಬುದು ಬಿಟ್ಟರೆ ವಿಳಾಸವಿಲ್ಲ, ಮೇಸ್ತ್ರಿಯ ಹೆಸರಿಲ್ಲ. ಕಟ್ಟಡ ಏಳುತ್ತಿರುವಲ್ಲೆಲ್ಲ ನಿಂತು, ನಮ್ಮ ಕಡೆ ಮಾತು ಕಿವಿಗೆ ಬಿದ್ದಲ್ಲೆಲ್ಲ ವಿಚಾರಿಸಿ, ಸೀರೆಯ ಅಂಚಿಗೆಲ್ಲ ಸಿಮೆಂಟು ಮೆತ್ತಿಕೊಂಡು ತಿರುಗಿ ಬಂದರು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿದ್ದೆ. ಕೇಳಲು ಧೈರ್ಯವಾಗಲಿಲ್ಲ. ಅವರೇ ಹೇಳಿದರು.

"ಹುಡುಗೂರು ಭಾಳ ಅದಾವ್ರಿ ಸರ ಅಲ್ಲಿ. ಎಲ್ಲಾ ನಮ್ಮಂಥಾವ. ನಮ್ಮಾಕಿ ಒಬ್ಬಾಕಿ ಸಿಗಲಿಲ್ಲ."

ಏನಾದರೂ ಮಾತಾಡಬೇಕಲ್ಲ ಎಂದು, "ಆಡಾಕತ್ತಿದ್ವೇನ್ರಿ?" ಎಂದೆ.

"ಉಸುಕಿನ ಗುಡ್ಡಿ ಐತಿ, ಕಟಿಗಿ ಚೂರು ಅದಾವು, ಡಬ್ಬಿ ಅದಾವು. ಆಡಾಕ ಎಲ್ಲಾ ಐತ್ರಿ ಅಲ್ಲಿ" ಎಂದರು. "ಕೂಸು ಹಿಡಕೊಂಡು ಕುಂತಿದ್ವು."

ಅಲ್ಲಿಂದ ಮುಂದೆ ಅವರು ಬೇಡುವ ರೀತಿಯೇ ಬದಲಾಯಿತು. ಹೊರಡುವವರ ಮನೆಗೆ ತಾವೇ ಹೋಗುತ್ತಿದ್ದರು. ಜಗಳವಿಲ್ಲ, ಬುದ್ಧಿವಾದವಿಲ್ಲ. "ಒಡಕು ಬ್ಯಾಡವಾ. ದಿನಾ ಬೇಕಾಗೂದು ಕೊಡು. ತವರಿಂದ ಏನ್ ತಂದಿದ್ದಿ, ಅದನ್ನ ಕೊಡು" ಎಂದು ಸೆರಗು ಒಡ್ಡುತ್ತಿದ್ದರು. ಊರವರು ಚೇಷ್ಟೆಗೆ ಅವರನ್ನು 'ಒತ್ತಿ ಅಕ್ಕೋರು' ಎಂದು ಕರೆಯತೊಡಗಿದರು. ಮಕ್ಕಳನ್ನು ಬಿಡಿಸಿಕೊಳ್ಳಲು ಸಾಮಾನು ಒತ್ತೆಯಿಡಬೇಕು ಎಂದು ನಗುತ್ತಿದ್ದರು. ಕೊಟ್ಟವರು ಬಂದರು. ಎಲ್ಲರೂ ಅಲ್ಲ, ಆದರೂ ಬಂದರು. ಅಕ್ಕೋರು ಪ್ರತಿಯೊಬ್ಬರ ಹಿಂದೆಯೂ ಇನ್ನೊಂದು ತಲೆಗಾಗಿ ಇಣುಕಿ ನೋಡುವುದನ್ನು ನಾನು ಕಂಡಿದ್ದೇನೆ. ನಿವೃತ್ತರಾಗುವ ತನಕವೂ ನೋಡಿದರು.

ಈ ದೀಪಾವಳಿಗೆ ಶಾಲೆಯಲ್ಲಿ ಇದ್ದದ್ದು ನಾನು. ಹಬ್ಬ ಕಳೆದು ಮೂರ್ನಾಲ್ಕು ದಿನಕ್ಕೆ, ಎರಡನೆಯ ತರಗತಿಯ ಮಂಜನ ಅಪ್ಪ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿಟ್ಟ. "ಮಧ್ಯಾಹ್ನಕ್ಕ ಗಾಡಿ ಐತ್ರಿ ಸರ. ಮಂಜ್ಯಾನೂ ಬರ್ತಾನ, ಮನ್ಯಾಗ ಬಿಟ್ಟು ಹೋಗಾಕ ಯಾರಿಲ್ಲ" ಎಂದು ಕೈಮುಗಿದು ಹೋದ. ನಾನು ಅಕ್ಕೋರಿಗೆ ಫೋನು ಹಚ್ಚಿದೆ.

"ಏನ್ ಕೊಟ್ರು?" ಎಂದರು. ಯಾರು, ಎಲ್ಲಿಗೆ, ಯಾವಾಗ ಎಂದು ಕೇಳಲಿಲ್ಲ.

"ಕುರ್ಚಿ. ಪ್ಲಾಸ್ಟಿಕ್ ಕುರ್ಚಿ."

"ಕುರ್ಚಿಗಿ ಯಾರ ಹೊಳ್ಳಿ ಬರ್ತಾರ್ರಿ ಸರ? ಗಾಡಿ ಇನ್ನೂ ಬಂದಿರಂಗಿಲ್ಲ. ಹೋಗ್ರಿ."

ಮಕ್ಕಳನ್ನು ಅಡುಗೆಯಾಕೆಗೆ ಒಪ್ಪಿಸಿ ಓಡಿದೆ. ಈ ವಯಸ್ಸಿನಲ್ಲಿ ಓಡಿದರೆ ಎದೆಗೆ ಏನಾದೀತೋ ಎಂದುಕೊಳ್ಳುತ್ತಲೇ ಓಡಿದೆ. ಬಾಗಿಲಲ್ಲಿ ಗಂಟುಗಳು ತಯಾರಾಗಿದ್ದವು. ಅವುಗಳ ಮೇಲೆ ಮಂಜ ಕುಳಿತಿದ್ದ. ಒಳಗೆ ಅವನ ಅವ್ವ ದಾರಿಗೆಂದು ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮೇಲೆ ಕಬ್ಬಿಣದ ಹಂಚು, ಅಂಚಿನಲ್ಲಿ ಸವೆದು ತೆಳ್ಳಗಾದದ್ದು, ಬಹಳ ವರ್ಷದ್ದು.

"ಆ ಹಂಚು ಕೊಡ್ರಿ ತಾಯಿ" ಎಂದೆ.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಅಕ್ಕೋರು ಹೋದ್ರು ಅಂತ ಮಾಡಿದ್ವಿ. ನೀವೂ ಹಂಗ ಆದ್ರೇನ್ರಿ ಸರ?" ಎಂದ ಅವನು.

"ಹಂಚು ಕೊಟ್ರ ಅಲ್ಲಿ ರೊಟ್ಟಿ ಯಾತರ ಮ್ಯಾಲ ಸುಡ್ಲಿರಿ?" ಎಂದಳು ಆಕೆ.

"ಅಲ್ಲಿ ಅನ್ನಾ ಉಣ್ರಿ. ತ್ರಾಸ ಆಗ್ಲಿ. ರೊಟ್ಟಿ ನೆನಪಾಗ್ಲಿ" ಎಂದೆ.

ಆಕೆ ಕೊನೆಯ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದಳು. ಮಗನ ಕಡೆ ನೋಡಿದಳು. "ಕೆಂಪಗ ಕಾದೈತ್ರಿ ಸರ. ಮುಟ್ಟಾಕ ಬರಂಗಿಲ್ಲ."

"ಆರೂತನಾ ಇಲ್ಲೇ ನಿಂದರ್ತೀನ್ರಿ" ಎಂದೆ.